ಸಹಾಯ ಬೇಕು: ಕರಿದ ಎಣ್ಣೆ ಪರೀಕ್ಷಿಸುವ ಟಿಪಿಸಿ ಮೀಟರ್ ಯಾರ ಹತ್ತಿರ ಇದೆ?

ನಮಸ್ಕಾರ. ದಾವಣಗೆರೆಯ ಹಾಸ್ಟೆಲ್ ಅಡುಗೆಯವರಿಗೆ ಎಣ್ಣೆ ಬಳಕೆ ಹೇಳಿಕೊಡೋಕೆ ಈ ಮೀಟರ್ ಎರಡು ದಿನದ ಮಟ್ಟಿಗೆ ಬೇಕಾಗಿದೆ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಟಿಪಿಸಿ, ಅಂದರೆ ಎಣ್ಣೆ ಪದೇ ಪದೇ ಕಾದು ಕೆಟ್ಟಾಗ ಅದರಲ್ಲಿ ಹೆಚ್ಚುವ ಅಂಶಗಳು) ಶೇ. 25 ದಾಟಿದ ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ. ಬರೀ ಬಣ್ಣ ನೋಡಿ ಇದನ್ನು ಹೇಳೋಕಾಗಲ್ಲ.

ಮಿರ್ಚಿ, ವಡೆ ಕರಿದಾಗ ಹಿಟ್ಟಿನ ಚೂರು ತಳದಲ್ಲಿ ಕೂತು ಸೀದು ಹೋಗುತ್ತೆ, ಅದರಿಂದ ಎಣ್ಣೆ ಬೇಗ ಕೆಡುತ್ತೆ; ಪ್ರತಿ ಸಲ ಸೋಸಲೇಬೇಕು. ಹಳೇದಕ್ಕೆ ಹೊಸ ಎಣ್ಣೆ ಬೆರೆಸಿದರೆ ಹೊಸದೂ ಬೇಗ ಹಾಳು. ಜಿಗುಟು ನೊರೆ ಎದ್ದರೆ, ಸಣ್ಣ ಉರಿಗೇ ಹೊಗೆ ಬಂದರೆ ಆ ಎಣ್ಣೆ ಬೇಡವೇ ಬೇಡ. ಕರಿಯೋಕೆ ಸಾಮಾನ್ಯ ಸೂರ್ಯಕಾಂತಿ ಎಣ್ಣೆಗಿಂತ ಶೇಂಗಾ ಎಣ್ಣೆ ಹೆಚ್ಚು ಕಾವು ತಾಳುತ್ತೆ.

ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಳ್ಳುವವರು ಗೊತ್ತಿದ್ದರೆ ದಯವಿಟ್ಟು ಅದನ್ನೂ ಕಾಮೆಂಟಲ್ಲಿ ತಿಳಿಸಿ.