ರಸೆಲ್ ವಿಲ್ಸನ್ ಕುಸಿದದ್ದು ಡೆನ್ವರ್‌ನಲ್ಲೋ, ಅದಕ್ಕೂ ಮೊದಲೋ?

ಲೇಕ್‌ದಂಡೆ (ಪ್ರಶ್ನೆ):

ಕೆಲಸದ ನಿಮಿತ್ತ 2013ರಲ್ಲಿ ಬೆಲ್ವ್ಯೂಗೆ ಬಂದವನು ನಾನು. ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧಗಾಳಿ ಇಲ್ಲದ ನನಗೆ ಅಮೆರಿಕನ್ ಫುಟ್‌ಬಾಲ್‌ನ ರುಚಿ ಹತ್ತಿಸಿದವರು ಸಿಯಾಟಲ್ ಸೀಹಾಕ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವ) ರಸೆಲ್ ವಿಲ್ಸನ್. 2014ರ ಫೆಬ್ರುವರಿಯಲ್ಲಿ ಸೀಹಾಕ್ಸ್ ತಂಡವು ಡೆನ್ವರ್ ಬ್ರಾಂಕೋಸ್ ತಂಡವನ್ನು 43-8ರಿಂದ ಸೋಲಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಸಂಜೆ, ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಕನ್ನಡ ಕುಟುಂಬಗಳು ಒಂದೇ ಟಿವಿಯ ಮುಂದೆ ಕುಳಿತಿದ್ದೆವು. ನಿಯಮಗಳು ಅರ್ಧ ಮಾತ್ರ ಗೊತ್ತಿದ್ದವು; ಆದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2012ರ ಮೂರನೆಯ ಸುತ್ತಿನಲ್ಲಿ 75ನೆಯವನಾಗಿ ಆಯ್ಕೆಯಾದ, ಆರಡಿಯೂ ಇಲ್ಲದ ಒಬ್ಬ ಹುಡುಗ ಎರಡನೆಯ ವರ್ಷದಲ್ಲೇ ಪ್ರಶಸ್ತಿ ಗೆದ್ದನೆಂಬುದು ಎಲ್ಲರಿಗೂ ಅರ್ಥವಾಗಿತ್ತು.

ಅದೇ ವಿಲ್ಸನ್ 2020ರಲ್ಲಿ 40 ಟಚ್‌ಡೌನ್ ಪಾಸ್‌ಗಳನ್ನು (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತಗಳನ್ನು) ಎಸೆದರು. ಅದು ಅವರ ವೃತ್ತಿಜೀವನದ ಗರಿಷ್ಠ ಸಂಖ್ಯೆ. 2022ರ ಮಾರ್ಚ್‌ನಲ್ಲಿ ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆಗಳು, ಎರಡು ಎರಡನೆಯ ಸುತ್ತಿನ ಆಯ್ಕೆಗಳು ಮತ್ತು ಮೂವರು ಆಟಗಾರರನ್ನು ಕೊಟ್ಟು ಡೆನ್ವರ್ ಅವರನ್ನು ಕರೆದೊಯ್ಯಿತು. ಅಲ್ಲಿನ ಮೊದಲ ಸೀಸನ್‌ನ 15 ಪಂದ್ಯಗಳಲ್ಲಿ ಅವರಿಂದ ಬಂದದ್ದು 16 ಟಚ್‌ಡೌನ್ ಪಾಸ್‌ಗಳು. 2024ರಲ್ಲಿ ಪಿಟ್ಸ್‌ಬರ್ಗ್ ಸೇರಿದರು. 2025ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿ ಮೂರೇ ಪಂದ್ಯಗಳಲ್ಲಿ ಸ್ಥಾನ ಕಳೆದುಕೊಂಡರು. ಎರಡು ವರ್ಷಗಳಲ್ಲಿ 40ರಿಂದ 16ಕ್ಕೆ ಇಳಿಯಲು ಕಾರಣ ವಯಸ್ಸೇ, ಕೋಚ್‌ಗಳೇ? ಅಥವಾ ಇಲ್ಲಿ ಸಿಯಾಟಲ್‌ನಲ್ಲೇ ಬಿರುಕು ಮೂಡಿದ್ದು, ನಾವು ಅಭಿಮಾನದ ಭರದಲ್ಲಿ ಅದನ್ನು ನೋಡದೆ ಹೋದೆವೇ?

ಕಿತ್ತಳೆ ಅಂಗಿ:

ನಾನು ಡೆನ್ವರ್ ತಂಡದ ಅಭಿಮಾನಿ, ಆದ್ದರಿಂದ ಮಾತಿನಲ್ಲಿ ಹೊಟ್ಟೆಯುರಿ ಕಂಡರೆ ಮನ್ನಿಸಿ. ಆದರೂ ನಾನು ವಿಲ್ಸನ್ ಪರವಾಗಿಯೇ ವಾದಿಸುತ್ತೇನೆ. 2022ರ ಸೀಸನ್ನನ್ನೇ ಅವರ ಕುಸಿತಕ್ಕೆ ಸಾಕ್ಷಿಯಾಗಿ ತೋರಿಸುವವರು ಆ ವರ್ಷದ ಹೆಡ್ ಕೋಚ್ ನಥಾನಿಯಲ್ ಹ್ಯಾಕೆಟ್ ಅವರನ್ನು ಮರೆತಂತಿದೆ. ಮೊದಲ ಪಂದ್ಯವೇ ಸಿಯಾಟಲ್‌ನಲ್ಲಿ ನಡೆಯಿತು. ಒಂದು ಅಂಕದಿಂದ ಹಿಂದಿದ್ದು, ನಾಲ್ಕನೆಯ ಡೌನ್‌ನಲ್ಲಿ, ಅಂದರೆ ಮುಂದೆ ಸಾಗಲು ಇರುವ ಕೊನೆಯ ಅವಕಾಶದಲ್ಲಿ, ಐದು ಗಜ ಬೇಕಾಗಿದ್ದಾಗ, ಅಷ್ಟು ಬೆಲೆ ತೆತ್ತು ತಂದ ಕ್ವಾರ್ಟರ್‌ಬ್ಯಾಕ್‌ನನ್ನು ಪಕ್ಕಕ್ಕೆ ಸರಿಸಿ 64 ಗಜದ ಫೀಲ್ಡ್ ಗೋಲ್‌ಗೆ (ಕಂಬಗಳ ನಡುವೆ ಚೆಂಡೊದೆದು ಮೂರು ಅಂಕ ಪಡೆಯಲು) ಕಿಕ್ಕರನ್ನು ಕಳುಹಿಸಿದರು. ಒದೆತ ಗುರಿ ತಪ್ಪಿತು, ಪಂದ್ಯ 17-16ರಿಂದ ಕೈತಪ್ಪಿತು. ಮರುವಾರ ಡೆನ್ವರ್‌ನಲ್ಲಿ, ತಂಡವು ಸಮಯಕ್ಕೆ ಸರಿಯಾಗಿ ಆಟ ಆರಂಭಿಸಲಾರದೆ ತಿಣುಕುತ್ತಿದ್ದುದನ್ನು ಕಂಡು, ಪ್ರತಿ ಆಟ ಆರಂಭಿಸಲು ಸಮಯ ಎಣಿಸುವ ಪ್ಲೇ ಕ್ಲಾಕ್‌ನ ಸೆಕೆಂಡುಗಳನ್ನು ಪ್ರೇಕ್ಷಕರೇ ಗಟ್ಟಿಯಾಗಿ ಎಣಿಸಿ ಹೇಳಿದರು. ತವರಿನ ಜನ ತಮ್ಮದೇ ಕೋಚ್‌ಗೆ ಗಡಿಯಾರ ಓದಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಾಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಾಸ್ ಹಿಡಿಯುವ ರಿಸೀವರ್ ಟಿಮ್ ಪ್ಯಾಟ್ರಿಕ್ ಅಭ್ಯಾಸ ಶಿಬಿರದಲ್ಲೇ ಮೊಣಕಾಲಿಗೆ ಗಾಯ ಮಾಡಿಕೊಂಡು ಹೊರಬಿದ್ದರು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜವಾಂಟೆ ವಿಲಿಯಮ್ಸ್ ನಾಲ್ಕನೆಯ ಪಂದ್ಯದಲ್ಲಿ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಎಡಬದಿಯ ಟ್ಯಾಕಲ್ ಗ್ಯಾರೆಟ್ ಬೋಲ್ಸ್ ಐದನೆಯ ಪಂದ್ಯದಲ್ಲಿ ಹೊರಬಿದ್ದರು. ವಿಲ್ಸನ್ 55 ಬಾರಿ ಸ್ಯಾಕ್ ಆದರು, ಅಂದರೆ ಪಾಸ್ ಎಸೆಯುವ ಮೊದಲೇ ಎದುರಾಳಿಗಳು ಅವರನ್ನು ಕೆಡವಿದರು. ಲೀಗ್‌ನಲ್ಲೇ ಅದು ಹೆಚ್ಚು. ಕ್ರಿಸ್‌ಮಸ್ ದಿನ ರ‍್ಯಾಮ್ಸ್ ವಿರುದ್ಧ 51-14ರಿಂದ ಸೋತ ಮರುದಿನವೇ ಹ್ಯಾಕೆಟ್ ಅವರನ್ನು ಮನೆಗೆ ಕಳುಹಿಸಲಾಯಿತು. 2023ರಲ್ಲಿ ಶಾನ್ ಪೇಟನ್ ಕೋಚ್ ಆಗಿ ಬಂದ ಮೇಲೆ ಇದೇ ವಿಲ್ಸನ್ 26 ಟಚ್‌ಡೌನ್ ಪಾಸ್ ಎಸೆದು ಎಂಟೇ ಇಂಟರ್ಸೆಪ್ಷನ್ (ಎದುರಾಳಿಯ ಕೈ ಸೇರಿದ ಪಾಸ್) ಕೊಟ್ಟರು. ಕೊನೆಯ ಎರಡು ಪಂದ್ಯಗಳಲ್ಲಿ ಅವರನ್ನು ಕೂರಿಸಿದ್ದರ ಹಿಂದೆ, ಗಾಯವಾದರೆ ಕಟ್ಟಿಕೊಡಬೇಕಾಗಿದ್ದ 37 ದಶಲಕ್ಷ ಡಾಲರ್‌ಗಳ ಲೆಕ್ಕವೂ ಇತ್ತು. ನಿಜಕ್ಕೂ ಮುಗಿದುಹೋದ ಆಟಗಾರನಿಗೆ ಇಂಥ ವರ್ಷ ಸಾಧ್ಯವೇ?

ಮೂರನೆಯ ಡೌನ್:

ಹ್ಯಾಕೆಟ್ ಬಗ್ಗೆ ಕಿತ್ತಳೆ ಅಂಗಿಯವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಕಥೆ ಆರಂಭವಾಗುವುದು ಅಲ್ಲಲ್ಲ. 2020ರ ಆ 40 ಪಾಸ್‌ಗಳನ್ನು ನಡುವೆ ಕತ್ತರಿಸಿ ನೋಡಿ. ಮೊದಲ ಎಂಟು ಪಂದ್ಯಗಳಲ್ಲಿ 28, ಉಳಿದ ಎಂಟರಲ್ಲಿ 12. ಕುಸಿತದ ದಿನಾಂಕ ಕೇಳಿದರೆ ನಾನು 2020ರ ನವೆಂಬರ್ ಎನ್ನುತ್ತೇನೆ.

ಆ ನವೆಂಬರ್‌ನಲ್ಲಿ ಆದದ್ದೇನೆಂದರೆ, ವಿಲ್ಸನ್ ಆಟದ ಬೆನ್ನೆಲುಬಾಗಿದ್ದ ದೂರದ ಪಾಸ್‌ಗೆ ಎದುರಾಳಿಗಳು ಬೇಲಿ ಹಾಕಿದರು. ಮುಗಿಲಿಗೇರಿ, ಓಡುತ್ತಿರುವ ರಿಸೀವರ್‌ಗಳಾದ ಮೆಟ್‌ಕಾಫ್ ಅಥವಾ ಲಾಕೆಟ್ ಅವರ ಬೊಗಸೆಗೇ ಇಳಿಯುವ ಆ ಎಸೆತಕ್ಕೆ ಲೀಗ್‌ನಲ್ಲಿ ಸರಿಸಾಟಿ ಇರಲಿಲ್ಲ. ಆದರೆ ಹಿಂಬದಿ ಕಾಯುವ ಇಬ್ಬರು ರಕ್ಷಕರನ್ನು (ಸೇಫ್ಟಿಗಳನ್ನು) ತೀರ ಹಿಂದೆ ನಿಲ್ಲಿಸಿದರೆ ಆ ದಾರಿ ಮುಚ್ಚುತ್ತದೆ. ಆಗ ಎದುರಾಳಿಗಳು ಬಿಟ್ಟುಕೊಡುವುದು ಮೈದಾನದ ನಡುಭಾಗವನ್ನು. ಹತ್ತು ಹನ್ನೆರಡು ಗಜದ ಪಾಸ್‌ಗಳನ್ನು ಸ್ನ್ಯಾಪ್ ಆದ (ಚೆಂಡು ಕೈಗೆ ಬಂದು ಆಟ ಶುರುವಾದ) ತಕ್ಷಣ, ಸಮಯ ತಪ್ಪದೆ ಎಸೆಯಬೇಕಾದ ಜಾಗ ಅದು. ಐದಡಿ ಹನ್ನೊಂದು ಇಂಚಿನ ವಿಲ್ಸನ್‌ಗೆ, ಮುಂದಿನ ಸಾಲಿನಲ್ಲಿ ಅವರನ್ನು ಕಾಯುವ ಆರೂವರೆ ಅಡಿಯ ಲೈನ್‌ಮನ್‌ಗಳ ಹಿಂದೆ ನಿಂತು ಅಲ್ಲಿಗೆ ಎಸೆಯುವುದು ಎಂದೂ ಒಗ್ಗಲಿಲ್ಲ. ಡಿಸೆಂಬರ್‌ನಲ್ಲಿ ಸಿಯಾಟಲ್‌ನಲ್ಲೇ ಜೈಂಟ್ಸ್ ವಿರುದ್ಧ 17-12ರಿಂದ ಸೋತಾಗ, ಜನವರಿಯ ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ವಿರುದ್ಧ 30-20ರಿಂದ ಸೋತಾಗ, ಅವರು ಚೆಂಡನ್ನು ಹಿಡಿದುಕೊಂಡು ದೂರದ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು.

ಮೊದಲಿನ ವಿಲ್ಸನ್ ಹಾಗೆ ಕಾಯಬಹುದಾಗಿತ್ತು, ಏಕೆಂದರೆ ಕಾಲುಗಳು ಅವರನ್ನು ಉಳಿಸುತ್ತಿದ್ದವು. 2014ರಲ್ಲಿ ಅವರು ಓಡಿ ಗಳಿಸಿದ್ದು 849 ಗಜ, 2022ರಲ್ಲಿ 277. ಎತ್ತರದ ಕೊರತೆಯನ್ನು ಪಾಕೆಟ್‌ನಿಂದ (ಲೈನ್‌ಮನ್‌ಗಳ ಕಾವಲಿನ ಜಾಗದಿಂದ) ತಪ್ಪಿಸಿಕೊಂಡು ಮುಚ್ಚುತ್ತಿದ್ದ ಆಟಗಾರನಿಗೆ ಅರ್ಧ ಹೆಜ್ಜೆಯ ವೇಗ ಕಡಿಮೆಯಾದರೂ ಸಾಕು, ಮೊದಲು ಪಾರಾಗುತ್ತಿದ್ದ ಕಡೆಯಲ್ಲೆಲ್ಲ ಸ್ಯಾಕ್ ಆಗತೊಡಗುತ್ತಾನೆ. ಆದ್ದರಿಂದ ಆ 55 ಸ್ಯಾಕ್‌ಗಳನ್ನೆಲ್ಲ ಲೈನ್‌ನವರ ತಲೆಗೆ ಕಟ್ಟುವುದು ನ್ಯಾಯವಲ್ಲ. 2021ರ ಅಕ್ಟೋಬರ್‌ನಲ್ಲಿ ಎಸೆಯುವ ಕೈಯ ನಡುಬೆರಳಿಗೆ ಶಸ್ತ್ರಚಿಕಿತ್ಸೆಯಾಗಿ, ಅಲ್ಲಿಯವರೆಗೆ ಒಂದು ಪಂದ್ಯವನ್ನೂ ತಪ್ಪಿಸದಿದ್ದವರು ಮೊದಲ ಬಾರಿಗೆ ಹೊರಗುಳಿದರು. ಅದೂ ಒಂದು ಕಾರಣವಿರಬಹುದು, ಆದರೆ ಅದರ ಹಿಂದಿನ ವರ್ಷವೇ ಲಕ್ಷಣಗಳು ಕಂಡಿದ್ದವು.

2023ರ ಬಗ್ಗೆ ಒಂದು ಮಾತು. 26 ಟಚ್‌ಡೌನ್ ಪಾಸ್ ನಿಜ. ಆದರೆ ಆ 15 ಪಂದ್ಯಗಳಲ್ಲಿ ಪಾಸ್‌ಗಳಿಂದ ಬಂದದ್ದು 3,070 ಗಜ ಮಾತ್ರ. ಸಿಯಾಟಲ್‌ನಲ್ಲಿ 2020ರ 16 ಪಂದ್ಯಗಳಲ್ಲಿ ಅದು 4,212 ಆಗಿತ್ತು. ಶಾನ್ ಪೇಟನ್ ಆಟವನ್ನು ಕಿರಿದು ಮಾಡಿ ತಪ್ಪುಗಳನ್ನು ತಗ್ಗಿಸಿದರು. ಅದನ್ನು ಚೇತರಿಕೆ ಎನ್ನುವುದಕ್ಕಿಂತ ಪಥ್ಯ ಎನ್ನುವುದು ಸರಿ.

ಹಾಸನದವಳು:

ವಿಲ್ಸನ್ ಜಾಗಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್ ಅವರ ಹೆಸರನ್ನೇ ಇಲ್ಲಿ ಯಾರೂ ಎತ್ತಿಲ್ಲ. ವಿಲ್ಸನ್ ಹೋದ ಮೇಲೆ ಅದೇ ಸಿಯಾಟಲ್ ಕೋಚ್ ಪೀಟ್ ಕ್ಯಾರಲ್ ಅವರ ಕೆಳಗೆ, ಅದೇ ಮೆಟ್‌ಕಾಫ್ ಮತ್ತು ಲಾಕೆಟ್ ಅವರಿಗೆ ಪಾಸ್ ಕೊಟ್ಟು, ವರ್ಷಗಟ್ಟಲೆ ಬೆಂಚು ಕಾಯ್ದಿದ್ದ ಜೀನೋ 2022ರಲ್ಲಿ 69.8 ಶೇಕಡ ಪಾಸ್‌ಗಳನ್ನು ಗುರಿಮುಟ್ಟಿಸಿ ಲೀಗ್‌ಗೇ ಮೊದಲಿಗರಾದರು. ಕ್ಯಾರಲ್ ಓಟದ ಆಟವನ್ನೇ ನೆಚ್ಚಿ ವಿಲ್ಸನ್‌ರ ಕೈ ಕಟ್ಟಿಹಾಕಿದ್ದಾರೆಂದು ನಾವೆಲ್ಲ ವರ್ಷಗಳ ಕಾಲ ದೂರುತ್ತಿದ್ದೆವು. ಅದು ಕಟ್ಟಿಹಾಕಿದ್ದಲ್ಲ, ಆತು ಹಿಡಿದದ್ದು ಎಂದು ನನಗೆ ಈಗ ತೋರುತ್ತದೆ. ಓಟದ ಆಟದ ಭಯಕ್ಕೆ ಎದುರಾಳಿಯ ಸೇಫ್ಟಿ ಮುಂದೆ ಬಂದರೆ ತಾನೇ ದೂರದ ಪಾಸ್‌ಗೆ ಜಾಗ ಸಿಗುವುದು!

ಇನ್ನು, ಎರಡೇ ವರ್ಷಗಳಲ್ಲಿ ಇಷ್ಟು ಕುಸಿಯುವುದು ವಿಚಿತ್ರವೇನಲ್ಲ. ಅದೇ ಡೆನ್ವರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಪೇಯ್ಟನ್ ಮ್ಯಾನಿಂಗ್ 2013ರಲ್ಲಿ 55 ಟಚ್‌ಡೌನ್ ಪಾಸ್‌ಗಳ ದಾಖಲೆ ಮಾಡಿ, 2015ರಲ್ಲಿ 9 ಟಚ್‌ಡೌನ್‌ಗೆ 17 ಇಂಟರ್ಸೆಪ್ಷನ್ ಕೊಟ್ಟರು. ತಂಡದ ರಕ್ಷಣಾ ಪಡೆ ಅವರನ್ನು ಹೊತ್ತುಕೊಂಡು ಹೋಗಿ ಸೂಪರ್ ಬೌಲ್ ಗೆಲ್ಲಿಸಿತು. ನಮ್ಮ ದ್ರಾವಿಡ್ ಅವರೂ 2011ರ ಇಂಗ್ಲೆಂಡ್ ಪ್ರವಾಸದ ಟೆಸ್ಟ್‌ಗಳಲ್ಲಿ ಮೂರು ಶತಕ ಹೊಡೆದು, ಆ ಚಳಿಗಾಲದಲ್ಲೇ ಆಸ್ಟ್ರೇಲಿಯಾದಲ್ಲಿ ಮತ್ತೆ ಮತ್ತೆ ಬೌಲ್ಡ್ ಆದರಲ್ಲವೇ?

ಲೇಕ್‌ದಂಡೆ:

ಮೂರನೆಯ ಡೌನ್ ಅವರ ಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು, ಏಕೆಂದರೆ ಆ ಎಂಟು ಪಂದ್ಯಗಳನ್ನೂ ನಾನು ನೋಡಿದ್ದೆ. ಆದರೂ ಒಂದು ಸಂಶಯ ಉಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ, 36ನೆಯ ವಯಸ್ಸಿನಲ್ಲಿ, ವಿಲ್ಸನ್ ಡಲ್ಲಸ್ ವಿರುದ್ಧ 450 ಗಜ ಎಸೆದರು. ಅವರ ಅತ್ಯುತ್ತಮ ದಿನವಾದ 2017ರ ಹ್ಯೂಸ್ಟನ್ ಪಂದ್ಯಕ್ಕಿಂತ ಎರಡೇ ಗಜ ಕಡಿಮೆ. ಕೈಯಲ್ಲಿ ಕಸುವು ಇಲ್ಲದವನು ಹೀಗೆ ಎಸೆಯಲು ಸಾಧ್ಯವೇ?

ಮೂರನೆಯ ಡೌನ್:

ಕೈ ಸೋತಿದೆ ಎಂದು ನಾನು ಹೇಳಲೇ ಇಲ್ಲ. ಆ ದೂರದ ಎಸೆತ ಎಲ್ಲಕ್ಕಿಂತ ಕೊನೆಗೆ ಹೋಗುವ ವಿದ್ಯೆ. ಡಲ್ಲಸ್ ಆ ದಿನ ಹಿಂಬದಿಯನ್ನು ತೆರೆದಿಟ್ಟಿತು, ರಿಸೀವರ್ ಮಲಿಕ್ ನೇಬರ್ಸ್ ಓಡಿದರು, ವಿಲ್ಸನ್ ಎಸೆದರು. ಆದರೆ ಅದೇ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಅವರ ಪಾಸ್ ಎದುರಾಳಿಯ ಕೈ ಸೇರಿ, ಜೈಂಟ್ಸ್ 40-37ರಿಂದ ಸೋತಿತು. ಮುಂದಿನ ವಾರ ಕ್ಯಾನ್ಸಸ್ ಸಿಟಿ ಅಂಥ ಜಾಗ ಬಿಡಲಿಲ್ಲ, ಅದಾದ ಮೇಲೆ ವಿಲ್ಸನ್ ಬದಲು ಕ್ವಾರ್ಟರ್‌ಬ್ಯಾಕ್ ಆಗಿ ಜಾಕ್ಸನ್ ಡಾರ್ಟ್ ಒಳಬಂದರು. ಪಿಟ್ಸ್‌ಬರ್ಗ್‌ನಲ್ಲಿ ನಡೆದದ್ದೂ ಇದೇ. ಮೊದಲ ಏಳರಲ್ಲಿ ಆರು ಗೆದ್ದರು. ಎದುರಾಳಿಗಳಿಗೆ ಜಾಡು ಸಿಕ್ಕ ಮೇಲೆ ಕೊನೆಯ ನಾಲ್ಕನ್ನೂ, ಪ್ಲೇಆಫ್ ಪಂದ್ಯವನ್ನೂ ಸೋತರು.

ಕಿತ್ತಳೆ ಅಂಗಿ:

ಡಲ್ಲಸ್ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಎಳೆದದ್ದು ಡಲ್ಲಸ್ ಕಿಕ್ಕರ್ ಬ್ರ್ಯಾಂಡನ್ ಆಬ್ರಿ ಹೊಡೆದ ಫೀಲ್ಡ್ ಗೋಲ್. ಅದರ ದೂರವೂ 64 ಗಜ! ಸಿಯಾಟಲ್‌ನಲ್ಲಿ ವಿಲ್ಸನ್ ಪರವಾಗಿ ಬೀಳದ ಒದೆತ ಮೂರು ವರ್ಷಗಳ ನಂತರ ಅವರ ವಿರುದ್ಧ ಬಿತ್ತು.

2020ರ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಹಾಗಿದ್ದರೆ ನಮ್ಮ ಡೆನ್ವರ್‌ನವರು 2022ರಲ್ಲಿ, ಒಂದು ಪಂದ್ಯವನ್ನೂ ಆಡಿಸಿ ನೋಡುವ ಮೊದಲೇ, ಐದು ವರ್ಷಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿದ್ದಕ್ಕೆ ಯಾರನ್ನು ಬೈಯಬೇಕು? ಆ ಎಂಟು ಪಂದ್ಯಗಳ ವಿಡಿಯೊ ಅವರ ಬಳಿಯೂ ಇದ್ದಿರಲೇಬೇಕು. ವಿಲ್ಸನ್‌ರನ್ನು ಕೈಬಿಟ್ಟ ಮೇಲೆ, ತಂಡವು ಆಟಗಾರರಿಗೆ ಖರ್ಚು ಮಾಡಬಹುದಾದ ವೇತನಮಿತಿಯಲ್ಲಿ 85 ದಶಲಕ್ಷ ಡಾಲರ್ ಎರಡು ವರ್ಷ ನಮ್ಮ ಹೆಗಲ ಮೇಲೇ ಕುಳಿತಿತ್ತು. ನಾವು ಕೊಟ್ಟ ಆಯ್ಕೆಗಳಿಂದ ಸಿಯಾಟಲ್ ಚಾರ್ಲ್ಸ್ ಕ್ರಾಸ್‌ರನ್ನೂ ಡೆವನ್ ವಿದರ್‌ಸ್ಪೂನ್‌ರನ್ನೂ ಪಡೆದುಕೊಂಡಿತು. ಲೇಕ್‌ದಂಡೆಯವರೇ, ಬಿರುಕನ್ನು ನೀವು ನೋಡದೆ ಹೋದಿರಬಹುದು. ನಿಮ್ಮ ತಂಡದವರು ನೋಡಿದ್ದರೆಂದೇ ನನ್ನ ಗುಮಾನಿ.