ಧರ್ಮಸ್ಥಳದಲ್ಲಿ ಬಿಟ್ಟ ಸೀರೆಗೂ ಮಂಗಳೂರು ಬೀಚಿನ ಕಸಕ್ಕೂ ನಂಟಿದ್ಯಾ?

ಅಗ್ರಹಾರ_45ಸೀಟು (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಎರಡು ರಾತ್ರಿ, ಮೂರು ಹಗಲಿನ ಬಸ್ ಟ್ರಿಪ್. ಮಡಿಕೇರಿ, ಸಂಪಾಜೆ, ಸುಳ್ಯ ಮೇಲೆ ಸುಬ್ರಹ್ಮಣ್ಯ, ಆಮೇಲೆ ಧರ್ಮಸ್ಥಳ, ಮೂರನೇ ದಿನ ಮಂಗಳೂರಲ್ಲಿ ಬೀಚು, ಸಂಜೆ ವಾಪಸ್. ಮೇ ಕೊನೇ ವಾರ ಒಂದು, ಕಾರ್ತಿಕದಲ್ಲಿ ಒಂದು. ಬೀಚಲ್ಲಿ ಬಟ್ಟೆ, ಶಾಂಪೂ ಪ್ಯಾಕೆಟ್ಟು, ಹೂವಿನ ಹಾರ ಬಿದ್ದಿದ್ರೆ ಜನ ಅರ್ಧ ಗಂಟೆಗೇ ಬಸ್ ಹತ್ತಿ ಕೂತ್ಕೋತಾರೆ, ಎಳನೀರಿನವರಿಗೂ ವ್ಯಾಪಾರ ಇಲ್ಲ, ನಮಗೂ ಮಾತು. ಗೊತ್ತಿರೋರು ಹೇಳಿ: ಈ ಕಸ ಅಲ್ಲಿಗೆ ಬರೋರು ಹಾಕಿದ್ದಾ, ನದಿ ತಂದದ್ದಾ? ಯಾವ ತಿಂಗಳು ಹೇಗಿರುತ್ತೆ? ನದಿಗೆ ಅಡ್ಡ ಒಂದು ಬಲೆ ಕಟ್ಟಿದ್ರೆ ಮುಗೀತಲ್ವಾ? ಒಂದು ಬಸ್ಸಿನಿಂದ ಏನು ಮಾಡೋಕಾಗುತ್ತೆ?

ಪಾಣೆಮಂಗಳೂರಿನವ (ಈಗ ಕುವೆಂಪುನಗರ):

ನಂಟು ಉಂಟು ಮಾರಾಯ್ರೆ. ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರ್ತದೆ. ಧರ್ಮಸ್ಥಳದ ಸ್ನಾನಘಟ್ಟ ಇರೋದು ಅದೇ ನೇತ್ರಾವತಿಯಲ್ಲಿ, ಇನ್ನೂ ಮೇಲೆ. ನಿಮ್ಮ ಬಸ್ಸಿನವರು ಎರಡು ದಿನ ಮುಳುಗಿ ಏಳುವ ನೀರೇ ಪಾಣೆಮಂಗಳೂರು, ತುಂಬೆ ದಾಟಿ ಮೂರನೇ ದಿನ ನೋಡುವ ಕಡಲಿಗೆ ಬರೋದು. ಅಳಿವೆಯಲ್ಲಿ (ನದಿ ಕಡಲು ಸೇರುವ ಜಾಗ) ಫಲ್ಗುಣಿ ನದಿಯೂ ಬಂದು ಸೇರ್ತದೆ. ಅಳಿವೆಗೆ ಉತ್ತರದಲ್ಲಿ ಬೆಂಗ್ರೆ, ತಣ್ಣೀರುಬಾವಿ. ದಕ್ಷಿಣದಲ್ಲಿ ಉಳ್ಳಾಲ, ಸೋಮೇಶ್ವರ.

ಆದರೆ ದೋಷ ಹೋಗಲಿ ಅಂತ ಸ್ನಾನಘಟ್ಟದಲ್ಲಿ ಇವತ್ತು ಬಿಟ್ಟ ಬಟ್ಟೆ ನಾಳೆ ಬರೋದಿಲ್ಲ. ಹತ್ತಿ ಬಟ್ಟೆ ನೀರು ಕುಡಿದು ತಳ ಸೇರ್ತದೆ. ಪಾಲಿಯೆಸ್ಟರ್ ಸೀರೆ ಸ್ವಲ್ಪ ದೂರ ಹೋಗಿ ಬಂಡೆಗೋ ಬೇರಿಗೋ ಸುತ್ತಿಕೊಂಡು ನಿಲ್ತದೆ. ಅದರ ಮೇಲೆ ಹೂ, ಎಲೆ, ಕವರು ಸಿಕ್ಕಿ ಗಂಟಾಗ್ತದೆ, ಮರಳು ಕೂರ್ತದೆ. ಕಾರ್ತಿಕದಲ್ಲಿ ಬಿಟ್ಟ ಬಟ್ಟೆ ಆರೇಳು ತಿಂಗಳು ಅಲ್ಲೇ ಇರ್ತದೆ. ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ಹಲಗೆ ಇಳಿಸಿ ಮಂಗಳೂರಿಗೆ ಕುಡಿಯುವ ನೀರು ನಿಲ್ಲಿಸ್ತಾರೆ, ತೇಲುವ ಕಸವೂ ಅದರ ಹಿಂದೆ ನಿಲ್ತದೆ. ಜೂನ್ ಮೊದಲ ದೊಡ್ಡ ನೆರೆಗೆ ಹಲಗೆ ಎತ್ತಿದಾಗ ವರ್ಷದ್ದೆಲ್ಲ ಒಟ್ಟಿಗೆ ಹೊರಡ್ತದೆ. ಆಗ ಗಾಳಿ ಪಡುವಣದ್ದು, ಅಲೆ ದಡದ ಕಡೆಗೆ. ತೇಲುವ ಕಸದಲ್ಲಿ ಒಂದಷ್ಟನ್ನು ಕಡಲು ದಂಡೆಗೆ ತಂದು ಹಾಕ್ತದೆ. ಮುಂಗಾರಿನಲ್ಲಿ ಕರಾವಳಿಯ ಪ್ರವಾಹ ಸಾಮಾನ್ಯವಾಗಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಹಾಗಾಗಿ ಅಳಿವೆಯ ಯಾವ ಮಗ್ಗುಲಿಗೆ ಹೆಚ್ಚು ಬೀಳ್ತದೆ ಅನ್ನೋದು ಕಾಲಕ್ಕೆ ತಕ್ಕಂತೆ ಬದಲಾಗ್ತದೆ.

ಎಲ್ಲವನ್ನೂ ಯಾತ್ರಿಗಳ ತಲೆಗೆ ಕಟ್ಟೋದೂ ಸರಿಯಲ್ಲ. ಊರಿನ ತೋಡುಗಳದ್ದೂ (ನದಿಗೆ ಸೇರುವ ಸಣ್ಣ ಹಳ್ಳಗಳು) ಇದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವೇ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದಿತ್ತು. ನೋಡಿ ಗುರುತಿಸೋದು ಸುಲಭ: ಅರ್ಧ ಹೂತ ಸೀರೆ, ಮಾಸಿದ ಶಾಂಪೂ ಪ್ಯಾಕೆಟ್ಟು, ಚಪ್ಪಲಿ, ಎಳನೀರಿನ ಸಿಪ್ಪೆ ಇವೆಲ್ಲ ಉಬ್ಬರದ ಗೆರೆಯಲ್ಲಿ ಸಾಲಾಗಿ ಬಿದ್ದಿದ್ರೆ ನೀರು ತಂದದ್ದು. ಚುರುಮುರಿ ಪೊಟ್ಟಣ, ಹೊಸ ನೀರಿನ ಬಾಟ್ಲಿ ಒಣ ಮರಳಲ್ಲಿ ಚದುರಿದ್ರೆ ನಿನ್ನೆ ಸಂಜೆಯದ್ದು.

ಕಿರುಗಾವಲು_ಗೌಡ (ಮಂಡ್ಯ):

ಅಂದ್ರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ಬಿಡೋ ಬಟ್ಟೆನೂ ಮಂಗಳೂರಿಗೇ ಹೋಯ್ತದಾ? ಹೆಸರಲ್ಲಿ ಪಶ್ಚಿಮ ಅದಲ್ಲ!

ಪಾಣೆಮಂಗಳೂರಿನವ:

ಇಲ್ಲ ಗೌಡ್ರೇ, ಹೊಳೆ ಅಲ್ಲಿ ಸ್ವಲ್ಪ ದೂರ ಮಾತ್ರ ಪಶ್ಚಿಮಕ್ಕೆ ತಿರುಗೋದು. ಕಾವೇರಿ ಹೋಗೋದು ಮೂಡಣ ಕಡಲಿಗೆ. ಇವರ ಬಸ್ಸಿನ ದಾರಿಯಲ್ಲೇ ನೋಡಿ: ಹುಣಸೂರಿಂದ ಮಡಿಕೇರಿವರೆಗೆ ಕಿಟಕಿಯಿಂದ ಎಸೆದದ್ದು ಲಕ್ಷ್ಮಣತೀರ್ಥ, ಕಾವೇರಿ ಹಿಡಿದು ಕೆಆರ್‌ಎಸ್‌ಗೆ, ಅಂದರೆ ವಾಪಸ್ ನಮ್ಮ ಮನೆ ಬಾಗಿಲಿಗೆ. ಸಂಪಾಜೆ ಘಾಟಿಯಲ್ಲಿ ಎಸೆದದ್ದು ಪಯಸ್ವಿನಿಗೆ. ಅದು ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಲ್ಲಿ ಕಡಲು ಸೇರ್ತದೆ.

ತೂಬು_ಇಂಜಿನಿಯರ್ (ಮೈಸೂರು):

ಬಲೆ ಪ್ರಶ್ನೆಗೆ ಉತ್ತರ. ನದಿಗೆ ಅಡ್ಡ ಆಗಲ್ಲ ಸಾರ್. ನೆರೆಯಲ್ಲಿ ಮರದ ದಿಮ್ಮಿ ಬರುತ್ತೆ, ಬಲೆ ಉಳಿಯಲ್ಲ. ದೋಣಿ, ಮೀನು ಓಡಾಡೋ ದಾರಿ ಬೇರೆ. ನದಿಗೆ ಬಂದು ಸೇರೋ ತೋಡಿಗೆ ತೇಲುವ ತಡೆ ಹಾಕಬಹುದು: ಗಟ್ಟಿ ಪ್ಲಾಸ್ಟಿಕ್ (ಎಚ್‌ಡಿಪಿಇ) ಡ್ರಮ್ಮಿನಂಥ ತೇಲುಗಳ ಸಾಲು, ಕೆಳಗೆ 30ರಿಂದ 50 ಸೆಂ.ಮೀ. ಇಳಿಬಿಟ್ಟ ಜಾಲರಿ.

ಮೊದಲು ನೀರಿನ ವೇಗ ಅಳೀರಿ. ದಡದಲ್ಲಿ 10 ಮೀಟರ್ ಅಂತರಕ್ಕೆ ಎರಡು ಗೂಟ, ಮೇಲಿನ ಗೂಟದ ಎದುರು ಅರ್ಧ ನೀರು ತುಂಬಿದ ಬಾಟ್ಲಿ ಬಿಟ್ಟು ಸೆಕೆಂಡ್ ಎಣಿಸಿ. 14 ಸೆಕೆಂಡ್ ಆದ್ರೆ ವೇಗ ಸೆಕೆಂಡಿಗೆ ಸುಮಾರು 0.7 ಮೀಟರ್. ಇಷ್ಟು ವೇಗಕ್ಕೆ ನೇರ ಅಡ್ಡ ಹಾಕಿದ್ರೆ ಕಸ ಜಾಲರಿಯ ಅಡಿಯಿಂದ ನುಗ್ಗಿ ಹೋಗುತ್ತೆ. ತಡೆಗೆ ನೇರವಾಗಿ ಬಡಿಯೋ ವೇಗ 0.35ರ ಒಳಗಿರಲಿ. ಅದಕ್ಕೆ ದಡದಿಂದ 30 ಡಿಗ್ರಿ ಓರೆಯಾಗಿ ಎಳೀಬೇಕು. 12 ಮೀಟರ್ ಅಗಲದ ತೋಡಿಗೆ 24 ಮೀಟರ್ ಉದ್ದ, ಸಡಿಲಕ್ಕೆ ಇನ್ನೆರಡು ಮೂರು ಸೇರಿಸಿ. ಓರೆ ಇದ್ರೆ ಕಸ ತಾನಾಗಿ ಕೆಳಗಿನ ಮೂಲೆಗೆ ಜಾರಿ ಬರುತ್ತೆ. ಲಾರಿ ನಿಲ್ಲೋ ಜಾಗ ಆ ಮೂಲೆಯಲ್ಲೇ ಇರಬೇಕು. ಎದುರು ದಡದಲ್ಲಿ ರಸ್ತೆ ಇದೆ ಅಂತ ಆಮೇಲೆ ಗೊತ್ತಾದ್ರೆ ಕೆಲಸ ಕೆಟ್ಟಂಗೆ.

ಕೆಡೋದು ಮೂರು ಕಡೆ. ಒಂದು, ತುಂಬಿದ ಮೇಲೆ ಎತ್ತದೇ ಬಿಡೋದು. ಅಂತರಗಂಗೆ ಗಿಡ ಬಂದ್ರಂತೂ ಒಂದೇ ರಾತ್ರಿಗೆ ಭಾರ ಏರುತ್ತೆ. ಎರಡು, ಎರಡೂ ತುದಿಯನ್ನ ಅಷ್ಟೇ ಗಟ್ಟಿಯಾಗಿ ಕಟ್ಟೋದು. ಒಂದು ತುದಿಯಲ್ಲಿ ಬೇಕಂತಲೇ ದುರ್ಬಲ ಕೊಂಡಿ ಇರಬೇಕು, ನೆರೆಗೆ ಅದು ಕಳಚಿ ತಡೆ ದಡಕ್ಕೆ ವಾಲಬೇಕು. ಇಲ್ಲಾಂದ್ರೆ ಕಂಬ ಸಮೇತ ಕಿತ್ಕೊಂಡು ಹೋಗುತ್ತೆ. ಮೂರನೇದು ಕಡಲೂರಿಗೆ ಮಾತ್ರ: ಅಳಿವೆ ಹತ್ತಿರದ ತೋಡಲ್ಲಿ ಉಬ್ಬರಕ್ಕೆ ನೀರು ಹಿಂದಕ್ಕೆ ಹರಿಯುತ್ತೆ, ಹಿಡಿದ ಕಸ ವಾಪಸ್ ಮೇಲಕ್ಕೆ ತೇಲಿ ಹೋಗುತ್ತೆ. ಇಳಿತ ಮುಗಿಯೋದರೊಳಗೆ ಎತ್ತಬೇಕು. ನೀರಿನ ಮಟ್ಟ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಲ್ಲಿ ಒಂದು ಮೀಟರಿಗೂ ಹೆಚ್ಚು ಏರಿಳಿಯೋದ್ರಿಂದ ಕೊಂಡಿ ಕಂಬದ ಮೇಲೆ ಕೆಳಗೆ ಜಾರೋ ಹಾಗಿರಬೇಕು.

ಇಷ್ಟೆಲ್ಲ ಮಾಡಿದ್ರೂ ಮುಳುಗಿದ ಸೀರೆಯನ್ನ ಯಾವ ತೇಲುವ ತಡೆಯೂ ಹಿಡಿಯಲ್ಲ. ಅದನ್ನ ಸ್ನಾನಘಟ್ಟದ ಮೆಟ್ಟಿಲಲ್ಲೇ ಹಿಡೀಬೇಕು.

ಯಾತ್ರೆ_ಅಕ್ಕ (ಮದ್ದೂರು):

ಮೆಟ್ಟಿಲಲ್ಲಿ ಹಿಡಿಯೋದು ನಿಮ್ಮ ಕೈಲೇ ಇದೆ ತಮ್ಮ. ಹೇಗೆ ಅಂದ್ರೆ, ಬಟ್ಟೆ ಬಿಡಬೇಡಿ ಅಂತ ನದಿ ಹತ್ರ ನಿಂತು ಹೇಳಿದ್ರೆ ಜಗಳ ಆಗುತ್ತೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೇಳಿ. ದೋಷ ಹೋಗಲಿ ಅಂತ ಬಿಡೋರು ಇದ್ದೇ ಇರ್ತಾರೆ, ಅವರ ಜೊತೆ ವಾದ ಬೇಡ. "ಬಿಡೋದಾದ್ರೆ ನೀರಿಗಲ್ಲ, ಈ ಕ್ರೇಟಿಗೆ ಬಿಡಿ" ಅನ್ನಿ, ಮುಕ್ಕಾಲು ಪಾಲು ಒಪ್ತಾರೆ. ತರಕಾರಿ ಕ್ರೇಟ್ ಎರಡು ತಗೊಳಿ, ತೂತು ಇರೋದರಿಂದ ನೀರು ಬಸಿಯುತ್ತೆ. ಮುಚ್ಚಿದ ಡಬ್ಬ ಬೇಡ. ಅರ್ಧ ಕೆಜಿ ಹತ್ತಿ ಸೀರೆ ನೆಂದ್ರೆ ಒಂದೂವರೆ ಕೆಜಿ ತೂಗುತ್ತೆ, ಇಪ್ಪತ್ತು ಜನ ಬಿಟ್ರೆ ಡಬ್ಬ ಎತ್ತೋಕೆ ಕ್ಲೀನರಿಗೆ ಆಗಲ್ಲ. ಹಿಂಡಿಸಿ ಹಾಕಿಸಿ. ಕ್ರೇಟನ್ನ ಬಟ್ಟೆ ಬದಲಾಯಿಸೋ ಜಾಗದಲ್ಲೇ ಇಡಿ. ಬಸ್ ಹತ್ರ ಇಟ್ರೆ ಅಲ್ಲಿತನಕ ಯಾರೂ ಹೊತ್ತು ತರಲ್ಲ. ಡಿಕ್ಕಿಯಲ್ಲಿ ಒದ್ದೆ ಬಟ್ಟೆ ಎರಡು ದಿನ ಮುಚ್ಚಿಟ್ರೆ ಬೂಸ್ಲು ಬಂದು ನಾತ. ರಾತ್ರಿ ತಂಗೋ ಕಡೆ ಹಗ್ಗ ಕಟ್ಟಿ ಹರವಿ. ಒಣ ಕಸದವರೂ ಒಣಗಿದ್ರೆ ಮಾತ್ರ ತಗೋತಾರೆ.

ಸೋಪು, ಶಾಂಪೂ ಬಸ್ಸಲ್ಲೇ ಇರಲಿ. ತೀರ್ಥಕ್ಷೇತ್ರಗಳಲ್ಲಿ ನದಿ, ಕೆರೆಯಿಂದ 500 ಮೀಟರ್ ಒಳಗೆ ಇವನ್ನ ಮಾರಬಾರದು ಅಂತ 2025ರ ಮಾರ್ಚಲ್ಲೇ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚನೆ ಕೊಟ್ಟಿದ್ರು. ಆ ಪ್ಯಾಕೆಟ್ಟಿನ ಮೂಲೆ ಹರಿದ ಚೂರು ಇರುತ್ತಲ್ಲ, ಉಗುರಿನಷ್ಟು, ಅದು ಯಾವ ಜಾಲರಿಗೂ ಸಿಗಲ್ಲ. ಬಾಗಿನ ಬಿಡೋರಿದ್ರೆ ಬಿದಿರಿನ ಮೊರ, ಹೂ ಇರಲಿ. ಗಾಜಿನ ಬಳೆ, ಕನ್ನಡಿ, ಪ್ಲಾಸ್ಟಿಕ್ ಬಾಚಣಿಗೆ, ಕುಂಕುಮದ ಡಬ್ಬಿ ತೆಗೆದು ಮುತ್ತೈದೆಯರಿಗೆ ಕೊಡಿಸಿ. ಒಡೆದ ಬಳೆ ಚೂರು ಮೆಟ್ಟಿಲ ಸಂದಲ್ಲಿ ಕೂತು ಮುಂದಿನ ಬಸ್ಸಿನವರ ಕಾಲು ಸೀಳುತ್ತೆ.

ನೀರಿಗೆ: ತಲೆಗೆ ದಿನಕ್ಕೆ 2 ಲೀಟರ್ ಅಂದ್ರೆ 45 ಜನಕ್ಕೆ 90 ಲೀಟರ್, 20 ಲೀಟರಿನ ಕ್ಯಾನ್ ಐದು. ಅಲ್ಲಿಗೆ ಮೂರು ದಿನಕ್ಕೆ ಒಂದು ಲೀಟರಿನ 270 ಬಾಟ್ಲಿ ಉಳೀತು. ಊಟಕ್ಕೆ ಅಡಿಕೆ ಹಾಳೆ ತಟ್ಟೆ. ಹೊಳಪಿನ ಪೇಪರ್ ತಟ್ಟೆ ಬೇಡ, ಅದರೊಳಗೂ ಪ್ಲಾಸ್ಟಿಕ್ ಪದರ ಇರುತ್ತೆ.

ಅಗ್ರಹಾರ_45ಸೀಟು:

ಅಕ್ಕಾ, ಕ್ರೇಟ್ ಐಡಿಯಾ ಪಕ್ಕಾ. ಹಾಗಾದ್ರೆ ಮೇ ಟ್ರಿಪ್ಪಲ್ಲಿ ಬೀಚ್ ಇಟ್ಕೊಳ್ಳಲಾ, ಬಿಡಲಾ?

ಪಾಣೆಮಂಗಳೂರಿನವ:

ಇಟ್ಟುಕೊಳ್ಳಿ, ಆದರೆ ಮುಂಗಾರು ಬೇಗ ಶುರುವಾದ್ರೆ ಯಾರನ್ನೂ ನೀರಿಗೆ ಇಳಿಸಬೇಡಿ. ಅಲೆಯ ಅಪಾಯ ಒಂದು. ಜೋರು ಮಳೆ ಬಿದ್ದ ಮೇಲೆ ಎರಡು ಮೂರು ದಿನ ಚರಂಡಿ ನೀರೂ ಕಡಲಲ್ಲೇ ಇರ್ತದೆ, ಅದು ಇನ್ನೊಂದು. ಮಳೆ ಶುರುವಾಗದೆ, ನೀರಾಟವೇ ಮುಖ್ಯ ಅನ್ನೋ ಗುಂಪಾದ್ರೆ ಪಡುಬಿದ್ರಿ ಸೇರಿಸಿ. ಹೊನ್ನಾವರದ ಕಾಸರಕೋಡಿನ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ) ಸಿಕ್ಕಿದ ಬೀಚ್ ಅದು. ಆ ಬಾವುಟಕ್ಕೆ 100 ಮಿಲಿಲೀಟರಿಗೆ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) 250 ಮೀರಬಾರದು ಅನ್ನೋ ಲೆಕ್ಕ ಉಂಟು, ನೀರಿನ ಮಾದರಿ ಆಗಾಗ ಪರೀಕ್ಷೆ ಆಗಬೇಕು.

ಕಾರ್ತಿಕದ ಟ್ರಿಪ್ಪಿಗೆ ತಣ್ಣೀರುಬಾವಿ ಸಾಕು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ದಾಟಿಸಿ, ಮಕ್ಕಳಿಗೆ ಖುಷಿ. ದೋಣಿ ಹತ್ತೋ ಮೊದಲು ಚುರುಮುರಿ ಪೊಟ್ಟಣಕ್ಕೆ ಒಂದು ಚೀಲ ಕ್ಲೀನರ್ ಕೈಗೆ ಕೊಟ್ಟಿರಿ, ಅಲ್ಲಿ ಗಾಳಿ ಜೋರು.