ಲೇಸರ್ ಟ್ಯಾಗ್: 24 ಜನಕ್ಕೆ ಕಿಟ್ ಕೊಳ್ಳೋದಾ, ಕಟ್ಟೋದಾ? ಅನುಭವ ಇದ್ದೋರು ಹೇಳಿ

ಕೋಟೆಬಯಲು (ಪ್ರಶ್ನೆ): ಬಂದೂಕಿಂದ ಗುಂಡಿನ ಬದಲು ಇನ್‌ಫ್ರಾರೆಡ್ ಬೆಳಕು ಬಿಟ್ಟು, ಎದುರಾಳಿ ಮೈಮೇಲಿನ ಸೆನ್ಸರಿಗೆ ತಾಗಿಸೋ ಆಟ ಇದು. ಕಥಾಲೋಕ ನಾವೇ ಕಟ್ಟಿಕೊಂಡದ್ದು. ಎರಡು ರಾಜ್ಯ, ತಲಾ 12 ಜನ, ಗಾಯಾಳುಗಳನ್ನ ಎಬ್ಬಿಸೋಕೆ ವೈದ್ಯರು, ಕೊನೆಗೆ ಕೋಟೆ ವಶ. ಬಯಲು ಮತ್ತು ನೀಲಗಿರಿ ತೋಪು, ಹಗಲು ಹೊತ್ತು. 60–70 ಮೀಟರ್ ದೂರಕ್ಕೆ ಹಿಟ್ ಸಿಗಬೇಕು. ರೆಡಿ ಕಿಟ್ಟೋ, ಬಿಡಿಭಾಗವೋ?

ಬೆಸುಗೆಕಡ್ಡಿ: ಕಟ್ಟಿ, ಎರಡನೇ ಮಾತಿಲ್ಲ. ದುಡ್ಡು ಬೋರ್ಡಿಗಲ್ಲ, ಲೆನ್ಸಿಗೆ ಹಾಕಿ. ಟಿಎಸ್‌ಎಎಲ್ 6100 ಎಲ್‌ಇಡಿಯ ಬೆಳಕು ಎರಡೂ ಕಡೆ 10 ಡಿಗ್ರಿ ಹರಡುತ್ತೆ. 150 ಮಿ.ಮೀ. ಫೋಕಸ್ ಇರೋ ಲೆನ್ಸಿಗೆ 50 ಮಿ.ಮೀ. ಅಗಲ ಇದ್ದರೆ ಬೆಳಕಿನ ಮುಖ್ಯ ಭಾಗ ಒಳಗೇ ಬೀಳುತ್ತೆ. ಅಂಗಡಿಯವರು ‘ಎರಡೂ ಒಂದೇ’ ಅಂತ 6200 ಕೊಟ್ಟರೆ ಬೇಡ ಅನ್ನಿ. ಅದು 17 ಡಿಗ್ರಿ, ಬೆಳಕು ಬಂದೂಕಿನ ನಳಿಗೆ ಪೈಪಿನ ಗೋಡೆಗೆ ಹೋಗುತ್ತೆ. ಎರಡಿಂಚಿನ ಬಿಳಿ ಪಿವಿಸಿ ಪೈಪಿಂದ ಇನ್‌ಫ್ರಾರೆಡ್ ಸೋರುತ್ತೆ, ಪಕ್ಕದಲ್ಲಿ ನಿಂತ ನಮ್ಮವನೇ ಸಾಯ್ತಾನೆ. ಹೊರಗೆ ಅಲ್ಯುಮಿನಿಯಂ ಟೇಪ್ ಸುತ್ತಲೇಬೇಕು. 4.8 ವೋಲ್ಟ್ ಬ್ಯಾಟರಿ ಪ್ಯಾಕಿಗೆ 22 ಓಮ್ ರೆಸಿಸ್ಟರ್ ಸಾಕು, ಹೊಸದಾಗಿ ಚಾರ್ಜ್ ಆದಾಗಲೂ 200 ಮಿಲಿಆಂಪ್ ದಾಟಲ್ಲ. ಐಆರ್‌ಎಫ್ 540 ಟ್ರಾನ್ಸಿಸ್ಟರ್ (ಎಲ್‌ಇಡಿಗೆ ಸ್ವಿಚ್ ಥರ) ಹಾಕಬೇಡಿ, 5 ವೋಲ್ಟಿಗೆ ಪೂರ್ತಿ ತೆರೆಯಲ್ಲ. ಐಆರ್‌ಎಲ್‌ಝಡ್ 44ಎನ್ ತನ್ನಿ.

ಬಾಡಿಗೆಕಿಟ್: ಲೆನ್ಸ್ ಲೆಕ್ಕ ಚೆನ್ನಾಗಿದೆ, ಕೂಲಿ ಲೆಕ್ಕ ಎಲ್ಲಿ? ತಲೆಪಟ್ಟಿಗೆ ನಾಲ್ಕು, ಎದೆ-ಬೆನ್ನಿಗೆ ಎರಡು ಸೆನ್ಸರ್ ಅಂದ್ರೂ 24 ಜನಕ್ಕೆ 144. ಒಂದೊಂದು ಸೆನ್ಸರಿಗೂ ಮೂರು ಕಾಲು (ಪಿನ್), ಅಲ್ಲಿಗೆ 432 ಬೆಸುಗೆ. ವೈರು, ಕನೆಕ್ಟರು ಇನ್ನೂ ಬಾಕಿ. ಒಂದು ಬೆಸುಗೆ ಬಿಟ್ಟರೂ ಆ ಆಟಗಾರನಿಗೆ ಬೆನ್ನ ಕಡೆಯಿಂದ ಹೊಡೆತವೇ ತಾಗಲ್ಲ, ಜಗಳ ಶುರು. ಬೆವರಿಗೆ ಪಿನ್ ಹಸಿರುಗಟ್ಟೋದು ಬೇರೆ. ಆ ಖರ್ಚನ್ನ ಯಾರೂ ಬರೆದಿಡಲ್ಲ. ನಾನು ಕಿಟ್ಟೇ ಕೊಂಡೆ, ಈಗಲೂ ಅದೇ ಸರಿ ಅಂತೀನಿ.

ಬೆಸುಗೆಕಡ್ಡಿ: ಕೊಂಡ ಕಿಟ್ಟಿನ ಬೋರ್ಡ್ ಕೆಟ್ಟರೆ ಏನ್ ಮಾಡ್ತೀರಿ ಸ್ವಾಮಿ? ಕೋಡ್ ಬೀಗ ಹಾಕಿರುತ್ತೆ, ಬೇರೆ ಬ್ರ್ಯಾಂಡಿನ ಬಂದೂಕು ಅದರ ಜೊತೆ ಮಾತಾಡಲ್ಲ. ಒಂದು ಸೆಟ್ಟಿಗಾಗಿ ಅದೇ ಕಂಪನಿಗೆ ಜೀವನಪೂರ್ತಿ ಗಂಟುಬೀಳಬೇಕು. ಮೈಲ್ಸ್‌ಟ್ಯಾಗ್ ತೆರೆದ ಪ್ರೋಟೋಕಾಲ್, ಅಂದ್ರೆ ಬಂದೂಕು ಸೆನ್ಸರಿಗೆ ಕಳಿಸೋ ಸಿಗ್ನಲ್ಲಿನ ನಿಯಮ, ಯಾರು ಬೇಕಾದರೂ ಬಳಸಬಹುದು: 7 ಬಿಟ್ ಆಟಗಾರ, 2 ಬಿಟ್ ತಂಡ, 4 ಬಿಟ್ ಪೆಟ್ಟಿನ ಬಲ. ಮೊದಲ ಬಿಟ್ 0 ಆದರೆ ಗುಂಡು, 1 ಆದರೆ ಸಂದೇಶ. ಪ್ರಶ್ನೆ ಕೇಳಿದವರ ವೈದ್ಯರ ಪೆಟ್ಟಿಗೆ ‘ಜೀವ ಸೇರಿಸು’ ಅನ್ನೋ ಸಂದೇಶ ಕಳಿಸಿದರೆ ಮುಗೀತು.

ಐವತ್ತಾರು: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ಮೈಲ್ಸ್‌ಟ್ಯಾಗ್ ಎರಡನೇ ಆವೃತ್ತಿ ಓಡೋದು 56 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ ಬೆಳಕು ಸೆಕೆಂಡಿಗೆ 56 ಸಾವಿರ ಸಲ ಮಿನುಗುತ್ತೆ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ‘ಐಆರ್ ಸೆನ್ಸರ್’ ಅಂದ್ರೆ ಕೈಗಿಡೋದು ಟಿವಿ ರಿಮೋಟಿನ 38 ಕಿಲೋಹರ್ಟ್ಸ್‌ದು. ಮೇಜಿನ ಮೇಲೆ ಕೆಲಸ ಮಾಡುತ್ತೆ, ಬಯಲಲ್ಲಿ ದೂರ ಸಿಗಲ್ಲ, ಆಮೇಲೆ ಲೆನ್ಸನ್ನ ಬೈತಾರೆ. ಟಿಎಸ್‌ಒಪಿ 4856 (56ರ ಸೆನ್ಸರ್) ಅಂತ ಬರೆದುಕೊಂಡೇ ಹೋಗಿ. ಪ್ರತಿ ಸೆನ್ಸರಿನ ಪವರ್ ಕಾಲಿಗೆ 100 ಓಮ್ ರೆಸಿಸ್ಟರ್, 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ತೋಪಿನಂಚು: ಆರು ಸೆನ್ಸರ್ ಔಟ್‌ಪುಟ್ಟನ್ನ ಒಂದೇ ತಂತಿಗೆ ಸೇರಿಸೋರು ಹಗಲಲ್ಲಿ ಆಡಿಲ್ಲ ಅಂತಲೇ ಅರ್ಥ. ಒಂದಕ್ಕೆ ನೇರ ಬಿಸಿಲು ಬಿದ್ದು ಗದ್ದಲ ಎಬ್ಬಿಸಿದರೆ ಉಳಿದ ಐದರ ಸಿಗ್ನಲ್ಲೂ ಕೆಡುತ್ತೆ. ತಲೆಗೊಂದು, ಎದೆಗೊಂದು, ಬೆನ್ನಿಗೊಂದು ಅಂತ ಬೋರ್ಡಲ್ಲಿ ಬೇರೆ ಬೇರೆ ಪಿನ್ ಕೊಡಿ. ಮೇಲೆ ಪುಟ್ಟ ಚಾವಣಿ ಅಂಟಿಸಿ.

ಬೆಸುಗೆಕಡ್ಡಿ: ಒಂದೇ ತಂತಿಯಲ್ಲಿ ಎಷ್ಟೋ ಜನ ಆಡ್ತಿದ್ದಾರೆ. ಔಟ್‌ಪುಟ್ ವೋಲ್ಟೇಜನ್ನ ಕೆಳಕ್ಕೆ ಎಳೆಯುವ ಥರದ್ದು, ಸೇರಿಸಿದರೆ ಸುಡಲ್ಲ.

ತೋಪಿನಂಚು: ಸುಡುತ್ತೆ ಅಂತ ಯಾರ್ರೀ ಅಂದಿದ್ದು? ಓದಿ ಉತ್ತರ ಕೊಡಿ.

ಬಾಡಿಗೆಕಿಟ್: ನೋಡಿ, ಇದಕ್ಕೇ ಕೊಂಡುಕೊಳ್ಳಿ ಅಂದದ್ದು.

ರೂಲ್‌ಪುಸ್ತಕ: ಎಲ್ಲರೂ ಸ್ವಲ್ಪ ಸುಮ್ಮನಿರಿ. ಒಂದು ಗುಂಡಿನ ಸಿಗ್ನಲ್ ಪೂರ್ತಿ ಬರೋಕೆ 20ರಿಂದ 28 ಮಿಲಿಸೆಕೆಂಡ್ ಬೇಕು. ಆ ಹೊತ್ತಲ್ಲಿ ಇನ್ನೊಬ್ಬ ಅದೇ ಸೆನ್ಸರಿಗೆ ಹೊಡೆದರೆ ಎರಡೂ ಹಾಳು. ಕೋಟೆ ಬಾಗಿಲಲ್ಲಿ ಐದು ಜನ ಒಟ್ಟಿಗೆ ಟ್ರಿಗರ್ ಒತ್ತಿದರೆ ಒಳಗಿನವನು ಆರಾಮಾಗಿ ನಿಂತಿರ್ತಾನೆ. ‘ಮೋಸ’ ಅಂತ ಕೂಗೋದು ಅಲ್ಲೇ. ಬಂದೂಕಿನ ವೇಗ ಸೆಕೆಂಡಿಗೆ ಮೂರು ಗುಂಡಿಗೆ ಕಟ್ಟಿಹಾಕಿ, ಬಾಗಿಲನ್ನ ಅಗಲ ಮಾಡಿ. ಸೆನ್ಸರಿಗೆ ಕೈ ಅಡ್ಡ ಇಟ್ಟವನು ಸತ್ತಂತೆ ಅಂತ ಮೊದಲೇ ಬರೆದಿಡಿ. ಗುರಿಗೆ ಅಂತ ಹಸಿರು ಲೇಸರ್ ಪಾಯಿಂಟರ್ ಯಾರೂ ಕಟ್ಟಬಾರದು, ಕಣ್ಣು ಹೋಗುತ್ತೆ. ಬಂದೂಕಿಗೆ ಕಿತ್ತಳೆ ಬಣ್ಣ ಬಳಿಯಿರಿ, ರಸ್ತೆಯಲ್ಲಿ ಕಂಡವರು ಪೊಲೀಸರಿಗೆ ಫೋನ್ ಮಾಡದಿರಲಿ.

ಐವತ್ತಾರು: ವೇಗ ಕಡಿಮೆ ಮಾಡಿದರೆ ಆಟದ ರುಚಿಯೇ ಹೋಯ್ತು. ಪ್ರತಿ ಗುಂಡಿನ ನಡುವೆ ಯಾದೃಚ್ಛಿಕ ಬಿಡುವು ಕೊಟ್ಟರೆ ಸಾಲದೇ?

ರೂಲ್‌ಪುಸ್ತಕ: ಇಬ್ಬರಿಗೆ ಸಾಲುತ್ತೆ, ಐವರಿಗೆ ಸಾಲದು.

ಕೋಟೆಬಯಲು: 70 ಮೀಟರ್ ಬಗ್ಗೆ ಯಾರೂ ಹೇಳಲಿಲ್ಲ. ಗುರಿಗಣ್ಣಿಗೂ ಬೆಳಕಿಗೂ ಹೊಂದಿಸೋದು ಹೇಗೆ?

ತೋಪಿನಂಚು: ಬಂದೂಕನ್ನ ಕಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿ, ಗುರಿಗಣ್ಣು ಒಂದು ಮರದ ಮೇಲೆ ನಿಲ್ಲಲಿ. ಇನ್ನೊಬ್ಬ ಸೆನ್ಸರ್ ಹಿಡಿದು ಮರದ ಮುಂದೆ ಅಡ್ಡ ನಡೀಲಿ. ಬೀಪ್ ಶುರುವಾದಲ್ಲಿ ಒಂದು ಗೂಟ, ನಿಂತಲ್ಲಿ ಇನ್ನೊಂದು. ಎರಡರ ನಡುವೆ ಮರ ಬರೋ ತನಕ ಎಲ್‌ಇಡಿಯ ಮೂರು ಸ್ಕ್ರೂ ತಿರುಗಿಸಿ. ಎಲ್‌ಇಡಿಯ ಮೂತಿ 5 ಮಿ.ಮೀ., ಫೋಕಸ್ 150. ಹಾಗಾಗಿ 70 ಮೀಟರಿಗೆ ಬೆಳಕು ಹೆಚ್ಚೆಂದರೆ ಎರಡು ಮೀಟರ್ ಚಿಲ್ಲರೆ ಅಗಲ. ಗೂಟಗಳು ಅದಕ್ಕಿಂತ ದೂರ ಬಿದ್ದರೆ ಎಲ್‌ಇಡಿ ಫೋಕಸ್‌ನಲ್ಲಿಲ್ಲ.

ಬೆಸುಗೆಕಡ್ಡಿ: ಸ್ಕ್ರೂ ಮೇಲೆ ನೇಲ್‌ಪಾಲಿಶ್ ಹಚ್ಚಿ, ಇಲ್ಲಾಂದ್ರೆ ಒಂದೇ ಆಟಕ್ಕೆ ಸಡಿಲ. ಮತ್ತೆ, ಒಂದೇ ತಂತಿ ಸಾಕು.